ದಸರಾ ಮುಗಿದ ಮೇಲಿನ ರಜೆ ವಾರ: ಮನೆಮಂದಿಯ ಜೊತೆ ಸುಸ್ತಾಗದೆ ಕಳೆಯಲು ಸಮಗ್ರ ಮಾರ್ಗದರ್ಶಿ

ಜಂಬೂಸವಾರಿ ಮುಗಿದ ಮೇಲೆ ಮೈಸೂರು ನಿಧಾನಕ್ಕೆ ಖಾಲಿಯಾಗುತ್ತದೆ. ಮಕ್ಕಳಿಗೆ ಸಾಮಾನ್ಯವಾಗಿ ಇನ್ನೂ ಕೆಲವು ದಿನ ರಜೆ ಉಳಿದಿರುತ್ತದೆ. ಬೆಳಗಿನ ಬಿಸಿಲು ಹಿತ, ಗದ್ದೆಯೆಲ್ಲ ಹಸಿರು, ಹೊಳೆಯಲ್ಲಿ ನೀರು. ನಮ್ಮ ಮೈಸೂರು-ಮಂಡ್ಯದ ಕಡೆ ಮನೆಮಂದಿಯೆಲ್ಲ ಹೊರಗೆ ಹೋಗಲು ಇದಕ್ಕಿಂತ ಒಳ್ಳೆಯ ವಾರ ಸಿಗುವುದು ಕಷ್ಟ.

ಆದರೂ ಈ ವಾರ ಮುಗಿಯುವ ಹೊತ್ತಿಗೆ ಎಷ್ಟೋ ಮನೆಗಳಲ್ಲಿ ಅಜ್ಜಿಗೆ ಮಂಡಿನೋವು, ಚಿಕ್ಕವರಿಗೆ ಜ್ವರ, ದೊಡ್ಡವರ ನಡುವೆ ಮುನಿಸು. ವರ್ಷವೂ ಇದೇ ಕಥೆ. ಕಾರಣ ಹುಡುಕಿದರೆ ಬಹುತೇಕ ಒಂದೇ ಸಿಗುತ್ತದೆ: ಮೊದಲು ಜಾಗಗಳ ಪಟ್ಟಿ ಬರೆದು, ಆಮೇಲೆ ಜನರನ್ನು ಅದರೊಳಗೆ ತುರುಕುವುದು. ಇಲ್ಲಿ ಆ ಕ್ರಮವನ್ನು ತಿರುಗಿಸಿದ್ದೇನೆ. ಮೊದಲು ದಿನ, ಆಮೇಲೆ ಜನ, ಕೊನೆಗೆ ಜಾಗ. ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ, ಮಧ್ಯದಿಂದ ಶುರು ಮಾಡಬೇಡಿ.

ಹಂತ 1: ಕ್ಯಾಲೆಂಡರಿನಲ್ಲಿ ಬೇಡದ ದಿನಗಳನ್ನು ಹೊಡೆದುಹಾಕಿ

ಅಡುಗೆಮನೆ ಗೋಡೆಯ ಮೇಲಿನ ಪಂಚಾಂಗದ ಕ್ಯಾಲೆಂಡರ್ ಇಳಿಸಿ, ಒಂದು ಪೆನ್ನು ಹಿಡಿದು ಕೂರಿ. ಹೋಗುವ ದಿನ ಆಮೇಲೆ ನೋಡೋಣ, ಮೊದಲು ಹೋಗಬಾರದ ದಿನ ಗುರುತು ಮಾಡಿ.

ವಿಜಯದಶಮಿಯ ಮಾರನೇ ದಿನ ಮತ್ತು ಅದರ ಮಾರನೇ ದಿನ ಎರಡನ್ನೂ ಬಿಡಿ. ಹೊರಗಿನಿಂದ ಬಂದ ಜನ ಊರಿಗೆ ಮರಳುವ ದಿನಗಳು ಅವು. ಬಸ್ಸು, ರೈಲು, ಹೆದ್ದಾರಿ ಎಲ್ಲವೂ ತುಂಬಿರುತ್ತವೆ. ಹುಣ್ಣಿಮೆಯ ಆಸುಪಾಸಿನಲ್ಲಿ ಚಾಮುಂಡಿ ಬೆಟ್ಟದಲ್ಲಿ ದೇವಿಯ ರಥೋತ್ಸವ, ಅದಾದ ಮೇಲೆ ತೆಪ್ಪೋತ್ಸವ. ಭಕ್ತಿಯಿಂದ ತೇರು ನೋಡಲೇಬೇಕು ಅಂದರೆ ಹೋಗಿ, ಅದು ಬೇರೆ ಮಾತು. ಸುಮ್ನೆ ಬೆಟ್ಟ ಸುತ್ತಿ ಬರಲು ಆ ದಿನಗಳು ಬೇಡ. ರಜೆ ಅಕ್ಟೋಬರ್ 17ರ ಸುಮಾರಿಗೆ ಬಂದರೆ ತುಲಾ ಸಂಕ್ರಮಣವೂ ಅದರಲ್ಲೇ ಸಿಗುತ್ತದೆ. ಅಂದು ಶ್ರೀರಂಗಪಟ್ಟಣದ ಸ್ನಾನಘಟ್ಟಗಳ ಕಡೆ ಜನ ಜಾಸ್ತಿ.

ಮೃಗಾಲಯಕ್ಕೆ ಮಂಗಳವಾರ ರಜೆ, ಪಕ್ಕದ ಕಾರಂಜಿಕೆರೆಗೂ ಅಷ್ಟೇ. ಗೇಟಿನ ತನಕ ಹೋಗಿ ಮಗುವನ್ನು ಅಳಿಸಿಕೊಂಡು ವಾಪಸ್ ಬರುವವರನ್ನು ಮಂಗಳವಾರ ಮಂಗಳವಾರ ನೋಡಬಹುದು.

ಭಾನುವಾರ ಹಗಲು ಎಲ್ಲೂ ಬೇಡ. ಮನೆಯಲ್ಲೇ ಊಟ, ನಿದ್ದೆ. ಸಂಜೆ ಮಾತ್ರ ಅರಮನೆಯ ದೀಪ ನೋಡಿ ಬನ್ನಿ. ಭಾನುವಾರ ಮತ್ತು ಸರ್ಕಾರಿ ರಜೆಯ ದಿನಗಳಲ್ಲಿ ಸಂಜೆ ಏಳಕ್ಕೆ ದೀಪ ಹಚ್ಚುತ್ತಾರೆ, ಒಂದು ಗಂಟೆಯೊಳಗೆ ಆರಿಸುತ್ತಾರೆ. ಆರೂಮುಕ್ಕಾಲಿಗೆ ಅಲ್ಲಿರಿ. ದಸರಾ ವಸ್ತುಪ್ರದರ್ಶನವನ್ನು ಈ ವಾರದ ಪಟ್ಟಿಗೆ ಸೇರಿಸಲೇಬೇಡಿ. ಅದು ಸುಮಾರು ಮೂರು ತಿಂಗಳು ನಡೆಯುತ್ತದೆ, ನವೆಂಬರ್‌ನಲ್ಲಿ ಒಂದು ವಾರದ ದಿನ ಹೋದರೆ ಆರಾಮ.

ಇಷ್ಟು ಹೊಡೆದುಹಾಕಿದ ಮೇಲೆ ನಾಲ್ಕೈದು ದಿನ ಉಳಿಯುತ್ತದೆ. ಅದರಲ್ಲಿ ಒಂದು ದಿನ ಹೊರಗೆ, ಒಂದು ದಿನ ಮನೆ, ಹೀಗೆ ಬಿಟ್ಟು ಬಿಟ್ಟು ಬರೆಯಿರಿ. ಎರಡು ದಿನ ಸಾಲಾಗಿ ಹೊರಗೆ ಬೇಡ. ಈ ಒಂದು ನಿಯಮ ಪಾಲಿಸಿದರೂ ಅರ್ಧ ತೊಂದರೆ ತಪ್ಪುತ್ತದೆ.

ಹಂತ 2: ಮನೆಯಲ್ಲಿ ಎಲ್ಲರಿಗಿಂತ ನಿಧಾನ ಯಾರು?

ಅವರ ಲೆಕ್ಕವೇ ಎಲ್ಲರ ಲೆಕ್ಕ. ಅಜ್ಜಿ ಒಂದೇ ಸಲಕ್ಕೆ ಎಷ್ಟು ಹೊತ್ತು ನಡೆಯುತ್ತಾರೆ, ಎಷ್ಟು ಮೆಟ್ಟಿಲು ಹತ್ತುತ್ತಾರೆ, ಎಷ್ಟು ಹೊತ್ತಿಗೊಮ್ಮೆ ಶೌಚಾಲಯ ಬೇಕು ಅಂತ ನೇರವಾಗಿ ಕೇಳಿ. 'ನನಗೇನೂ ಇಲ್ಲ ಕಣಪ್ಪ, ನೀವು ಹೋಗೋ ಕಡೆ ನಾನೂ ಬರ್ತೀನಿ' ಅನ್ನುತ್ತಾರೆ. ಆ ಮಾತನ್ನು ನಂಬಿ ಹೊರಡಬೇಡಿ. ಸೊಸೆಯೋ ಮಗಳೋ ಒಬ್ಬರೇ ಇರುವಾಗ ಇನ್ನೊಂದು ಸಲ ಕೇಳಿದರೆ ನಿಜ ಹೇಳುತ್ತಾರೆ.

ಚಿಕ್ಕ ಮಗು ಮಧ್ಯಾಹ್ನ ಎಷ್ಟು ಗಂಟೆಗೆ ಮಲಗುತ್ತದೆ ಅನ್ನುವುದನ್ನೂ ಬರೆದುಕೊಳ್ಳಿ. ಆ ಹೊತ್ತಿಗೆ ಮನೆಯಲ್ಲಿರಬೇಕು, ಇಲ್ಲವೇ ಗಾಡಿಯಲ್ಲಿ ವಾಪಸ್ ಬರುತ್ತಿರಬೇಕು. ಸಕ್ಕರೆ ಕಾಯಿಲೆಯ ಮಾತ್ರೆ ತೆಗೆದುಕೊಳ್ಳುವವರು ಇದ್ದರೆ ಊಟದ ಹೊತ್ತು ಕೂಡ ಗಟ್ಟಿ ಆಯಿತು.

ಹದಿವಯಸ್ಸಿನ ಮಕ್ಕಳಿಗೆ ಒಂದು ದಿನ ಬಿಟ್ಟುಕೊಡಿ. ಜಾಗ ಅವರೇ ಆರಿಸಲಿ, ಬಸ್ಸಿನ ಹೊತ್ತು ಅವರೇ ನೋಡಲಿ. 'ಬೋರು' ಅನ್ನುವ ಮಾತು ಆಮೇಲೆ ಕಮ್ಮಿಯಾಗುತ್ತದೆ.

ಹಂತ 3: ಬೆಳಗ್ಗೆ ಏಳಕ್ಕೆ ಹೊರಡಿ, ಮೂರರೊಳಗೆ ಮನೆ ಸೇರಿ

ಇದು ಹಸ್ತಾ, ಚಿತ್ತಾ ಮಳೆಗಳ ಕಾಲ. ಬೆಳಗ್ಗೆ ಆಕಾಶ ಶುಭ್ರ. ಮಧ್ಯಾಹ್ನ ಸೆಕೆ ಏರುತ್ತದೆ, ಮೋಡ ಕಟ್ಟುತ್ತದೆ, ಸಂಜೆ ಗುಡುಗು ಸಹಿತ ಮಳೆ. ಬೆಳಗಿನ ಬಿಸಿಲು ನೋಡಿ ಕೊಡೆ ಬಿಟ್ಟು ಹೊರಡುವುದು ಎಲ್ಲರೂ ಮಾಡುವ ತಪ್ಪು. ಹತ್ತು ಗಂಟೆಗೆ ತಿಂಡಿ ಮುಗಿಸಿ ನಿಧಾನಕ್ಕೆ ಹೊರಡುವುದು ಎರಡನೇ ತಪ್ಪು. ಹಾಗೆ ಹೊರಟವರು ದೇವಸ್ಥಾನದ ಬಾಗಿಲು ಹಾಕುವ ಹೊತ್ತಿಗೆ ತಲುಪಿ, ಮತ್ತೆ ತೆಗೆಯುವ ತನಕ ಕಾದು, ಮಳೆಗೆ ಸಿಕ್ಕಿಕೊಳ್ಳುತ್ತಾರೆ.

ಏಳಕ್ಕೆ ಹೊರಡಬೇಕು ಅಂದರೆ ಕೆಲಸವೆಲ್ಲ ಹಿಂದಿನ ರಾತ್ರಿಯೇ ಆಗಬೇಕು. ಬಾಗಿಲ ಬಳಿ ಒಂದು ಚೀಲ ತಯಾರಿರಲಿ:

- ಒಬ್ಬೊಬ್ಬರಿಗೂ ಕೊಡೆ ಅಥವಾ ಮಳೆ ಕೋಟು
- ಸ್ಟೀಲ್ ಬಾಟಲಿಯಲ್ಲಿ ಕಾಯಿಸಿ ಆರಿಸಿದ ನೀರು
- ಮಾತ್ರೆಗಳ ಡಬ್ಬಿ, ಓಆರ್‌ಎಸ್ ಪುಡಿ, ಬ್ಯಾಂಡೇಜು
- ಎರಡು ಟವೆಲ್, ಮಕ್ಕಳಿಗೆ ಒಂದೊಂದು ಜೊತೆ ಒಣ ಬಟ್ಟೆ
- ಹಿರಿಯರಿಗೆ ದಪ್ಪ ಕಾಲುಚೀಲ
- ಕೂರಲು ಹಳೆಯ ಜಮಖಾನ
- ಚಿಲ್ಲರೆ ದುಡ್ಡು, ಎಲ್ಲರ ಆಧಾರ್ ಕಾರ್ಡು

ಕಾಲುಚೀಲ ಯಾಕೆ ಅಂದರೆ ಅರಮನೆ, ದೇವಸ್ಥಾನ ಎಲ್ಲ ಕಡೆ ಚಪ್ಪಲಿ ಬಿಡಬೇಕು. ಹನ್ನೊಂದರ ಮೇಲೆ ಕಲ್ಲು ಕಾಯುತ್ತದೆ. ಸಕ್ಕರೆ ಕಾಯಿಲೆ ಇರುವವರ ಪಾದಕ್ಕೆ ಬಿಸಿ ಬೇಗ ಗೊತ್ತಾಗುವುದಿಲ್ಲ, ಬೊಬ್ಬೆ ಎದ್ದಿರುವುದು ಮನೆಗೆ ಬಂದ ಮೇಲೇ ಕಾಣುವುದು. ಆಧಾರ್ ಯಾಕೆ ಅಂದರೆ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ಟಿಗೆ ದುಡ್ಡಿಲ್ಲ, ಆದರೆ ಗುರುತಿನ ಚೀಟಿ ತೋರಿಸಬೇಕು. ಎಸಿ ಬಸ್ಸಿಗೆ ಇದು ನಡೆಯುವುದಿಲ್ಲ.

ಮಂಡ್ಯದಿಂದ ಸ್ಕೂಟರು, ಬೈಕಿನಲ್ಲಿ ಬರುವವರಿಗೆ ಒಂದು ಮಾತು. ಬೆಂಗಳೂರು-ಮೈಸೂರು ಹೆದ್ದಾರಿಯ ಮುಖ್ಯ ಪಥಗಳಲ್ಲಿ 2023ರ ಆಗಸ್ಟ್‌ನಿಂದ ದ್ವಿಚಕ್ರ ವಾಹನ, ಆಟೋ, ಟ್ರ್ಯಾಕ್ಟರ್ ಬಿಡುತ್ತಿಲ್ಲ. ಸರ್ವಿಸ್ ರಸ್ತೆಯಲ್ಲೇ ಬನ್ನಿ, ಅದಕ್ಕೆ ತಕ್ಕಂತೆ ಸಮಯ ಜಾಸ್ತಿ ಇಟ್ಟುಕೊಳ್ಳಿ. ಮಕ್ಕಳಿದ್ದರೆ ರೈಲೇ ವಾಸಿ.

ಹಂತ 4: ಮೊದಲ ದಿನ ಮನೆಯಲ್ಲೇ, ಬೊಂಬೆ ಎತ್ತಿಡುವ ಕೆಲಸ

ಬೊಂಬೆ ಕೂರಿಸಿದ ಮನೆಯವರು ಇದನ್ನು ಒಬ್ಬರೇ ರಾತ್ರಿ ಹೊತ್ತು ಗಡಿಬಿಡಿಯಲ್ಲಿ ಮುಗಿಸುತ್ತಾರೆ. ಹಾಗೆ ಮಾಡಬೇಡಿ. ಇದು ಇಡೀ ಮನೆಗೆ ಒಂದು ಬೆಳಗಿನ ಕೆಲಸ, ಮಕ್ಕಳಿಗಂತೂ ಹಬ್ಬದಷ್ಟೇ ಖುಷಿ.

ಮೊದಲು ಪೆಟ್ಟಿಗೆಗಳನ್ನು ಬಿಸಿಲಿಗಿಡಿ. ಮೋಡ ಮುಚ್ಚಿದ ದಿನ ಈ ಕೆಲಸಕ್ಕೆ ಕೈ ಹಾಕಬೇಡಿ, ಥಂಡಿ ಗಾಳಿಯನ್ನು ಪೆಟ್ಟಿಗೆಯೊಳಗೆ ಸೇರಿಸಿ ಮುಚ್ಚಿದಂತಾಗುತ್ತದೆ, ಮುಂದಿನ ವರ್ಷಕ್ಕೆ ಬೂಸ್ಟು ಹಿಡಿದಿರುತ್ತದೆ. ಮಣ್ಣಿನ ಬೊಂಬೆಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಬಣ್ಣ ಬಟ್ಟೆಗೆ ಬರುತ್ತದೆ. ಒಣ ಮೆತ್ತನೆ ಬ್ರಷ್ಷಿನಿಂದ ಧೂಳು ತೆಗೆಯಿರಿ, ಅಷ್ಟೇ ಸಾಕು. ಮೂಗು, ಬೆರಳು, ಕಿರೀಟದ ತುದಿ ಮೊದಲು ಮುರಿಯುವ ಜಾಗ. ಅಲ್ಲಿಗೆ ಸ್ವಲ್ಪ ಹತ್ತಿ ಸುತ್ತಿ, ಆಮೇಲೆ ಹಳೆಯ ಪಂಚೆಯ ತುಂಡು, ಅದರ ಮೇಲೆ ಪೇಪರು. ಪೇಪರನ್ನು ನೇರವಾಗಿ ಬೊಂಬೆಗೆ ಸುತ್ತಿದರೆ ಮಸಿ ಬಣ್ಣಕ್ಕೆ ಅಂಟುತ್ತದೆ.

ಭಾರದ್ದು ಕೆಳಗೆ, ಹಗುರದ್ದು ಮೇಲೆ. ಪಟ್ಟದ ಬೊಂಬೆಗೆ, ಅಂದರೆ ರಾಜ-ರಾಣಿಯ ಜೋಡಿಗೆ, ಬೇರೆಯೇ ಪೆಟ್ಟಿಗೆ ಇರಲಿ, ಮುಂದಿನ ವರ್ಷ ಮೊದಲು ಬೇಕಾಗುವುದು ಅದೇ. ಮೂಲೆಗೆ ಒಣಗಿದ ಬೇವಿನ ಎಲೆ ಹಾಕಿ. ಪೆಟ್ಟಿಗೆಯ ಮೇಲೆ ಒಳಗೆ ಏನಿದೆ ಅಂತ ಮಕ್ಕಳ ಕೈಯಲ್ಲೇ ಬರೆಸಿ. ಯಾವ ಬೊಂಬೆ ಯಾರು ಕೊಟ್ಟಿದ್ದು, ಯಾವ ಮದುವೆಯಲ್ಲಿ ಬಂದಿದ್ದು ಅಂತ ಅಜ್ಜಿ ಹೇಳಲು ಶುರು ಮಾಡಿದರೆ ಕೆಲಸ ನಿಲ್ಲಿಸಿ ಕೇಳಿ. ಇಂಥ ಮಾತಿಗೆ ವರ್ಷದಲ್ಲಿ ಬೇರೆ ದಿನ ಸಿಗುವುದಿಲ್ಲ.

ಬೊಂಬೆ ಇಲ್ಲದ ಮನೆಯವರು ಈ ದಿನ ದೇವರಾಜ ಮಾರುಕಟ್ಟೆಗೆ ಒಂದು ಸುತ್ತು ಹೋಗಿ, ನಂಜನಗೂಡು ರಸಬಾಳೆ, ಸೀತಾಫಲ, ವೀಳ್ಯದೆಲೆ ತಂದು ಮನೆಯಲ್ಲೇ ನೆಮ್ಮದಿಯಾಗಿ ಊಟ ಮಾಡಿ.

ಹಂತ 5: ಮೊದಲ ಸುತ್ತಾಟ ಹತ್ತಿರದಲ್ಲೇ ಇರಲಿ

ದೂರದ ಊರಿಗೆ ಮೊದಲ ದಿನವೇ ಹೋಗಬೇಡಿ. ಊರೊಳಗೆ ಒಂದು ಬೆಳಗ್ಗೆ ಕಳೆದು ನೋಡಿದರೆ ಯಾರಿಗೆ ಎಷ್ಟು ಶಕ್ತಿ ಇದೆ ಅಂತ ತಿಳಿಯುತ್ತದೆ.

ಕುಕ್ಕರಹಳ್ಳಿ ಕೆರೆ ಇದಕ್ಕೆ ಹೇಳಿಮಾಡಿಸಿದ ಜಾಗ. ಏರಿಯ ಮೇಲೆ ನೆರಳಿದೆ, ಕೂರಲು ಬೆಂಚಿದೆ. ಪೂರ್ತಿ ಸುತ್ತಲೇಬೇಕು ಅಂತೇನಿಲ್ಲ. ಅಜ್ಜಿ ತಾತ ಬೆಂಚಿನ ಮೇಲೆ ಕೂರಲಿ, ಉಳಿದವರು ಸುತ್ತಿ ಬರಲಿ.

ಮೃಗಾಲಯಕ್ಕಾದರೆ ಬೆಳಗ್ಗೆ ಎಂಟೂವರೆಗೆ, ಬಾಗಿಲು ತೆಗೆಯುವಾಗಲೇ ಹೋಗಿ. ಆ ಹೊತ್ತಿಗೆ ಪ್ರಾಣಿಗಳು ಓಡಾಡುತ್ತಿರುತ್ತವೆ, ಹನ್ನೆರಡರ ಬಿಸಿಲಿಗೆ ಮಲಗಿಬಿಡುತ್ತವೆ. ಒಳಗೆ ನಡೆಯುವ ದಾರಿ ಮೂರು ಕಿಲೋಮೀಟರಿಗೂ ಜಾಸ್ತಿ, ನಡುವೆ ಬಿಟ್ಟು ಹೊರಗೆ ಬರುವುದು ಸುಲಭವಲ್ಲ. ಮಂಡಿನೋವಿನವರಿಗೆ ಬ್ಯಾಟರಿ ಗಾಡಿಯನ್ನು ಟಿಕೆಟ್ ತೆಗೆಯುವಾಗಲೇ ವಿಚಾರಿಸಿ. ಅರ್ಧ ದಾರಿ ನಡೆದು ಸೋತ ಮೇಲೆ ಹುಡುಕಿದರೆ ಪ್ರಯೋಜನವಿಲ್ಲ. ಮೃಗಾಲಯದ ದಿನ ಕಾರಂಜಿಕೆರೆ, ಅರಮನೆ ಎರಡನ್ನೂ ಸೇರಿಸುವವರೇ ಜಾಸ್ತಿ. ಬೇಡ. ಒಂದು ದಿನಕ್ಕೆ ಒಂದೇ ಟಿಕೆಟ್ಟು.

ಚಾಮುಂಡಿ ಬೆಟ್ಟಕ್ಕೆ ಹಿರಿಯರು ಸಿಟಿ ಬಸ್ ನಿಲ್ದಾಣದಿಂದ 201ರ ಬಸ್ಸಿನಲ್ಲಿ ಹೋಗಲಿ. ಕಾಲು ಗಟ್ಟಿ ಇರುವವರು ಬೆಳಗ್ಗೆ ಆರಕ್ಕೆ ಮೆಟ್ಟಿಲು ಹತ್ತಲಿ. ಸಾವಿರ ಮೆಟ್ಟಿಲು, ದಾರಿಯಲ್ಲಿ ನಂದಿ. ಮಂಡಿಗೆ ಪೆಟ್ಟು ಬೀಳುವುದು ಹತ್ತುವಾಗ ಅಲ್ಲ, ಇಳಿಯುವಾಗ. ಅದರಲ್ಲೂ ಹಿಂದಿನ ಸಂಜೆ ಮಳೆ ಬಂದಿದ್ದರೆ ಮೆಟ್ಟಿಲು ಜಾರುತ್ತದೆ. ಇಳಿಯಲು ಎಲ್ಲರೂ ಬಸ್ಸನ್ನೇ ಹಿಡಿಯಿರಿ.

ಹಂತ 6: ಬುತ್ತಿ ಕಟ್ಟುವ ಕ್ರಮ

ಹೊರಗಿನ ಊಟಕ್ಕೆ ಅಡ್ಡಿಯಿಲ್ಲ. ಆದರೆ ಹೋಟೆಲ್ ಹುಡುಕುವುದರಲ್ಲೇ ಒಂದು ಗಂಟೆ ಹೋಗುತ್ತದೆ, ಅಷ್ಟರಲ್ಲಿ ಮಗು ಹಸಿದು ಅಳುತ್ತದೆ. ಬುತ್ತಿ ಇದ್ದರೆ ನೆರಳು ಕಂಡ ಕಡೆ ಊಟ. ಬಹಳ ಜನ ಕೇಳುವುದು ಒಂದೇ: ಮೊಸರನ್ನ ಮಧ್ಯಾಹ್ನದೊಳಗೆ ಹುಳಿಯಾಗುತ್ತದೆ, ಗಟ್ಟಿಯಾಗುತ್ತದೆ, ಏನು ಮಾಡುವುದು?

ತಪ್ಪು ಆಗುವುದು ಮೊಸರು ಜಾಸ್ತಿ ಹಾಕುವುದರಲ್ಲಿ. ಅನ್ನಕ್ಕೆ ನೀರು ಸ್ವಲ್ಪ ಜಾಸ್ತಿ ಇಟ್ಟು ಮೆತ್ತಗೆ ಮಾಡಿ. ಬಿಸಿ ಇರುವಾಗಲೇ ಸೌಟಿನ ಹಿಂಬದಿಯಿಂದ ಚೆನ್ನಾಗಿ ಮಸೆಯಿರಿ. ಕಾಯಿಸಿದ ಹಾಲನ್ನು ಧಾರಾಳವಾಗಿ ಹಾಕಿ ಕಲಸಿ, ಪಾಯಸದಷ್ಟು ತೆಳ್ಳಗೆ ಕಂಡರೂ ಹೆದರಬೇಡಿ, ಅನ್ನ ಹೀರಿಕೊಳ್ಳುತ್ತದೆ. ಪೂರ್ತಿ ಆರಿದ ಮೇಲೆ ಒಂದೆರಡು ಚಮಚ ಮೊಸರು ಹಾಕಿ, ಉಪ್ಪು ಕೊನೆಗೆ. ಸಾಸಿವೆ, ಶುಂಠಿ, ಹಸಿಮೆಣಸಿನಕಾಯಿ, ಕರಿಬೇವಿನ ಒಗ್ಗರಣೆಯನ್ನೂ ಆರಿಸಿ ಸೇರಿಸಿ. ಬೆಳಗ್ಗೆ ಆರಕ್ಕೆ ಹೀಗೆ ಕಲಸಿದ್ದು ಹನ್ನೆರಡರ ಹೊತ್ತಿಗೆ ಡಬ್ಬಿಯಲ್ಲೇ ಹದವಾಗಿ ಹೆಪ್ಪಾಗಿರುತ್ತದೆ. ಬಿಸಿ ಇರುವಾಗ ಡಬ್ಬಿ ಮುಚ್ಚಿದರೆ ಇಷ್ಟೂ ಕೆಲಸ ವ್ಯರ್ಥ.

ಪುಳಿಯೋಗರೆ ಇನ್ನೂ ಸುಲಭ. ಗೊಜ್ಜು ಹಿಂದಿನ ದಿನವೇ ಆಗಿರಲಿ. ಅನ್ನ ಉದುರುದುರಾಗಿ ಮಾಡಿ, ಹರಿವಾಣದಲ್ಲಿ ಹರಡಿ ಎಣ್ಣೆ ಸವರಿ, ಆರಿದ ಮೇಲೆ ಕಲಸಿ. ಚಿತ್ರಾನ್ನ ಕಟ್ಟುವುದಾದರೆ ಕಾಯಿತುರಿ ಹಾಕಬೇಡಿ, ಬೇಗ ಕೆಡುತ್ತದೆ. ಮಕ್ಕಳ ಕೈಗೆ ಬೇಯಿಸಿದ ಹಸಿ ಕಡಲೆಕಾಯಿ ಕೊಟ್ಟರೆ ದಾರಿಯುದ್ದಕ್ಕೂ ಜಗಳವಿಲ್ಲ.

ಹಂತ 7: ದೂರದ ದಿನ, ಇಡೀ ವಾರಕ್ಕೆ ಒಂದೇ

ಮೂರು ದಾರಿಗಳಲ್ಲಿ ಒಂದನ್ನು ಆರಿಸಿ. ಎರಡನ್ನು ಸೇರಿಸಬೇಡಿ.

ಮೇಲುಕೋಟೆ: ನಡೆಯಬಲ್ಲವರಿಗೆ. ಮೊದಲು ಬೆಟ್ಟದ ಮೇಲಿನ ಯೋಗನರಸಿಂಹ, ಆಮೇಲೆ ಕಲ್ಯಾಣಿ, ಕೊನೆಗೆ ಚೆಲುವನಾರಾಯಣ. ಈ ಕ್ರಮ ತಪ್ಪಿ ಕೆಳಗಿನ ದೇವಸ್ಥಾನ ಮೊದಲು ನೋಡಿದರೆ ಬೆಟ್ಟದ ಮೆಟ್ಟಿಲು ಸುಡು ಬಿಸಿಲಿಗೆ ಸಿಗುತ್ತದೆ. ಮೆಟ್ಟಿಲ ಮೇಲೆ ಕೋತಿಗಳಿವೆ, ಕೈಯಲ್ಲಿ ಪ್ಲಾಸ್ಟಿಕ್ ಚೀಲ ಕಂಡರೆ ಕಿತ್ತುಕೊಳ್ಳುತ್ತವೆ. ಹಣ್ಣುಕಾಯಿ ಬಟ್ಟೆ ಚೀಲದೊಳಗಿರಲಿ. ಮೆಟ್ಟಿಲು ಹತ್ತಲಾಗದವರು ಕಲ್ಯಾಣಿಯ ಮಂಟಪದ ನೆರಳಲ್ಲಿ ಕೂರಬಹುದು.

ಸೋಮನಾಥಪುರ: ಮಂಡಿನೋವಿನವರಿಗೆ ಇದೇ ಸರಿ. ಹತ್ತಬೇಕಾದ ಮೆಟ್ಟಿಲು ಕೆಲವೇ, ಹುಲ್ಲುಹಾಸಿದೆ. ಮೈಸೂರಿನಿಂದ ಬನ್ನೂರಿನ ಮೇಲೆ ಸುಮಾರು 35 ಕಿಲೋಮೀಟರು, ದಾರಿಯುದ್ದಕ್ಕೂ ಭತ್ತ, ಕಬ್ಬು. ಹೊರಗೋಡೆಯ ಕೆತ್ತನೆಯನ್ನು ಮಕ್ಕಳಿಗೆ ಸುಮ್ನೆ 'ನೋಡಿ' ಅಂದರೆ ಐದು ನಿಮಿಷಕ್ಕೆ ಓಡುತ್ತಾರೆ. ಕೆಳಗಿನ ಸಾಲಿನ ಆನೆಗಳನ್ನು ಎಣಿಸಲು ಹೇಳಿ, ಅದರ ಮೇಲೆ ಕುದುರೆ ಎಲ್ಲಿಂದ ಶುರುವಾಗುತ್ತದೆ ಹುಡುಕಲು ಹೇಳಿ. ಅವರೇ ಪೂರ್ತಿ ಒಂದು ಸುತ್ತು ಬಂದುಬಿಡುತ್ತಾರೆ.

ಶ್ರೀರಂಗಪಟ್ಟಣ: ಗಾಡಿ ಇಲ್ಲದವರಿಗೆ. ರೈಲಿನಲ್ಲಿ ಇಳಿದರೆ ರಂಗನಾಥಸ್ವಾಮಿ ದೇವಸ್ಥಾನಕ್ಕೆ ನಡೆದೇ ಹೋಗಬಹುದು. ಅಲ್ಲಿಂದ ಗಂಜಾಂ, ದರಿಯಾ ದೌಲತ್, ಗುಂಬಜ್‌ಗೆ ಆಟೋ. ಹತ್ತುವ ಮೊದಲೇ ಪೂರ್ತಿ ಸುತ್ತಿಗೆ ಎಷ್ಟು ಅಂತ ಮಾತಾಡಿಕೊಳ್ಳಿ.

ಹಕ್ಕಿ ನೋಡಲು ಅಂತ ಕೊಕ್ಕರೆ ಬೆಳ್ಳೂರಿಗೆ ಹೊರಡುವವರು ಸ್ವಲ್ಪ ತಡೆಯಿರಿ. ಹೆಜ್ಜಾರ್ಲೆ, ಬಣ್ಣದ ಕೊಕ್ಕರೆ ಅಲ್ಲಿ ಗೂಡು ಕಟ್ಟುವುದು ಡಿಸೆಂಬರ್ ಆದಮೇಲೆ. ಅಕ್ಟೋಬರ್‌ನಲ್ಲಿ ಹೋದರೆ ಖಾಲಿ ಮರ ನೋಡಿ ಬರಬೇಕು. ರಂಗನತಿಟ್ಟಿನಲ್ಲಿ ಈಗಲೂ ಮೊಸಳೆ, ಬಾವಲಿ, ನೀರುಕಾಗೆ ಕಾಣುತ್ತವೆ. ಆದರೆ ಕೃಷ್ಣರಾಜ ಸಾಗರದಿಂದ ಹೊಳೆಗೆ ನೀರು ಜಾಸ್ತಿ ಬಿಟ್ಟಾಗ ದೋಣಿ ನಿಲ್ಲಿಸುತ್ತಾರೆ. ಹೊರಡುವ ಬೆಳಗ್ಗೆ ಪೇಪರಿನಲ್ಲಿ ಜಲಾಶಯದ ಮಟ್ಟ ನೋಡಿ. ಪೂರ್ಣ ಮಟ್ಟ 124.80 ಅಡಿ. ಅದರ ಹತ್ತಿರ ಇದ್ದು ಹೊರಹರಿವು ಏರುತ್ತಿದ್ದರೆ ದೋಣಿಯ ಆಸೆ ಬಿಡಿ.

ಹಂತ 8: ನೀರಿನ ಹತ್ತಿರ ಹೋಗುವಾಗ

ಇದನ್ನು ಮನೆಯಲ್ಲಿ ಎಲ್ಲರೂ ಓದಲಿ. ಈ ತಿಂಗಳಲ್ಲಿ ಹೊಳೆ, ನಾಲೆ, ಕೆರೆ ಮೂರೂ ತುಂಬಿರುತ್ತವೆ, ನೋಡಲು ಶಾಂತವಾಗಿಯೂ ಇರುತ್ತವೆ. ಅಪಾಯ ಇರುವುದು ಅಲ್ಲೇ.

ಬಲಮುರಿ, ಎಡಮುರಿಯಲ್ಲಿ ನೀರು ತೆಳ್ಳಗೆ ಹರಿಯುವಂತೆ ಕಾಣುತ್ತದೆ. ಕಲ್ಲಿನ ಮೇಲೆ ಪಾಚಿ ಇರುತ್ತದೆ, ಕಾಲು ಜಾರಿದರೆ ಮುಂದಿನದು ಗುಂಡಿ. ಶ್ರೀರಂಗಪಟ್ಟಣದ ಸಂಗಮದಲ್ಲಿ ಮೆಟ್ಟಿಲಿನ ಕೊನೆ ಎಲ್ಲಿ ಅಂತ ನೀರಿನೊಳಗೆ ಕಾಣುವುದಿಲ್ಲ. ಗಗನಚುಕ್ಕಿ, ಭರಚುಕ್ಕಿಯನ್ನು ವೀಕ್ಷಣೆಯ ಕಟ್ಟೆಯಿಂದಲೇ ನೋಡಿ, ಬಂಡೆಯ ಮೇಲೆ ಇಳಿಯುವುದು ಬೇಡ. ತೊಣ್ಣೂರು ಕೆರೆ ಕನ್ನಡಿಯಷ್ಟು ತಿಳಿ, ಹಾಗಂತ ಆಳವಿಲ್ಲ ಅಂದುಕೊಳ್ಳಬೇಡಿ. ಎಲ್ಲಿಯೂ ಮಕ್ಕಳನ್ನು ನೀರಿಗೆ ಇಳಿಸಬೇಡಿ. ಈಜು ಬಂದರೂ ಬೇಡ.

ನೀರು ಬಿಡುವ ಮುನ್ನೆಚ್ಚರಿಕೆ ಕೊಟ್ಟ ದಿನ ಹೊಳೆಯ ಕಡೆ ಹೋಗುವ ಯೋಚನೆಯನ್ನೇ ಬಿಡಿ. ದಡದಲ್ಲಿ ನಿಂತಿರುವಾಗ ತಿಳಿ ನೀರು ಕೆಂಪಗಾದರೆ, ಕಸಕಡ್ಡಿ ತೇಲಿ ಬರಲು ಶುರುವಾದರೆ, ಆಗಷ್ಟೇ ಒಣಗಿದ್ದ ಕಲ್ಲು ಮುಳುಗಿದರೆ, ಮೇಲೆ ಎಲ್ಲೋ ನೀರು ಬಂದಿದೆ ಅಂತ ಅರ್ಥ. ಚಪ್ಪಲಿ ಹುಡುಕುತ್ತಾ ನಿಲ್ಲಬೇಡಿ, ಮೇಲೆ ಹತ್ತಿ.

ವಿಶ್ವೇಶ್ವರಯ್ಯ ನಾಲೆಯ ಪಕ್ಕದ ರಸ್ತೆಗಳಲ್ಲಿ ಕತ್ತಲಾದ ಮೇಲೆ ಗಾಡಿ ಓಡಿಸಬೇಡಿ. 2018ರ ನವೆಂಬರ್‌ನಲ್ಲಿ ಪಾಂಡವಪುರ ತಾಲ್ಲೂಕಿನ ಕನಗನಮರಡಿ ಬಳಿ ಬಸ್ಸು ನಾಲೆಗೆ ಬಿದ್ದು 30 ಜನ ಪ್ರಾಣ ಕಳೆದುಕೊಂಡರು, ಅದೂ ಹಗಲು ಹೊತ್ತಿನಲ್ಲಿ. ತಡೆಗೋಡೆ ಇಲ್ಲದ ನಾಲೆ ರಸ್ತೆ ಹತ್ತಿರದ ದಾರಿ ಅಂತ ಫೋನಿನ ಮ್ಯಾಪು ತೋರಿಸಿದರೂ ದೊಡ್ಡ ರಸ್ತೆಯಲ್ಲೇ ಹೋಗಿ.

ಹಂತ 9: ಹಳ್ಳಿಯಲ್ಲಿ ಒಂದು ಬೆಳಗ್ಗೆ, ಆಲೆಮನೆ

ಮಂಡ್ಯದ ಕಡೆ ನೆಂಟರಿದ್ದರೆ ಅವರ ಊರಿನ ಆಲೆಮನೆ ನಡೆಯುತ್ತಿದೆಯಾ ಅಂತ ಹಿಂದಿನ ದಿನ ಫೋನು ಮಾಡಿ ಕೇಳಿ. ನನ್ನ ಪ್ರಕಾರ ಪೇಟೆಯ ಮಕ್ಕಳಿಗೆ ಈ ವಾರದಲ್ಲಿ ತೋರಿಸಲೇಬೇಕಾದ ಜಾಗ ಇದು. ಗಾಣದಿಂದ ಕಬ್ಬಿನ ಹಾಲು ಬರುತ್ತದೆ, ಕೊಪ್ಪರಿಗೆಯಲ್ಲಿ ಕುದಿಯುತ್ತದೆ, ಮೇಲೆ ಬಂದ ಕೊಳೆಯನ್ನು ಜರಡಿಯಲ್ಲಿ ಎತ್ತಿ ಹಾಕುತ್ತಲೇ ಇರುತ್ತಾರೆ. ಹಸಿರು ಮಿಶ್ರಿತ ಹಾಲು ಮೊದಲು ಕಂದು, ಆಮೇಲೆ ಚಿನ್ನದ ಬಣ್ಣ. ಗುಳ್ಳೆಗಳು ದೊಡ್ಡದಾಗಿ ನಿಧಾನವಾಗಿ ಒಡೆಯಲು ಶುರುವಾದಾಗ ಪಾಕ ನೋಡುವವರು ಒಂದು ಹನಿಯನ್ನು ನೀರಿಗೆ ಬಿಟ್ಟು ಬೆರಳಲ್ಲಿ ಉರುಟಿ ನೋಡುತ್ತಾರೆ. ಉಂಡೆಯಾದರೆ ಕೊಪ್ಪರಿಗೆ ಇಳಿಸಿ, ಅಚ್ಚಿಗೆ ಹುಯ್ಯುತ್ತಾರೆ.

ಮಕ್ಕಳ ಕೈ ಹಿಡಿದೇ ಇರಿ. ಗಾಣದ ಬೆಲ್ಟಿನ ಹತ್ತಿರ ದುಪಟ್ಟ, ಸೆರಗು, ಸಡಿಲ ಬಟ್ಟೆ ಹೋಗಬಾರದು. ಕೊಪ್ಪರಿಗೆಯ ಸುತ್ತ ನೆಲ ಅಂಟಂಟಾಗಿ ಜಾರುತ್ತದೆ. ಇಳಿಸುವ ಹೊತ್ತಿಗೆ ಎಲ್ಲರೂ ಹೊರಗೆ ನಿಲ್ಲಿ, ಕೆಲಸದವರಿಗೆ ಆಗ ಮಾತಾಡಿಸಬೇಡಿ. ಬಿಸಿ ಬೆಲ್ಲ ಕೊಟ್ಟರೆ ಎಲೆಯ ಮೇಲೆ ಹಾಕಿಸಿಕೊಂಡು ಆರಿಸಿ ಕೊಡಿ, ನಾಲಿಗೆಗೆ ಅಂಟಿದರೆ ಸುಟ್ಟೇಬಿಡುತ್ತದೆ. ಬರುವಾಗ ಬೆಲ್ಲ ದುಡ್ಡು ಕೊಟ್ಟೇ ತನ್ನಿ.

ಹಂತ 10: ವಾಪಸ್ ಹೊರಡಬೇಕಾದ ಲಕ್ಷಣಗಳು

ಅಂದುಕೊಂಡಿದ್ದು ಮುಗಿಯದಿದ್ದರೂ ಇವು ಕಂಡ ಕೂಡಲೇ ಮನೆ ಕಡೆ ತಿರುಗಿ.

ಹಿರಿಯರು ಮಾತು ನಿಲ್ಲಿಸಿದರೆ. ನೋವು ಅಂತ ಹೇಳುವುದಿಲ್ಲ, ಸುಮ್ಮನಾಗುತ್ತಾರೆ. ಮಗು ಕಾರಣವಿಲ್ಲದೆ ಹಟ ಮಾಡಿದರೆ, ಕಿವಿ, ಕಣ್ಣು ಉಜ್ಜಿಕೊಂಡರೆ. ಯಾರಿಗಾದರೂ ಬೆವರು, ಕೈ ನಡುಕ, ತಲೆ ಸುತ್ತು ಕಂಡರೆ ತಕ್ಷಣ ಕೂರಿಸಿ, ಸಕ್ಕರೆ ಮಾತ್ರೆ ತೆಗೆದುಕೊಳ್ಳುವವರಾದರೆ ಬೆಲ್ಲವೋ ಸಕ್ಕರೆಯೋ ಕೊಡಿ, ಹತ್ತು-ಹದಿನೈದು ನಿಮಿಷದಲ್ಲಿ ಸರಿಹೋಗದಿದ್ದರೆ ಆಸ್ಪತ್ರೆಗೆ ಹೋಗಿ. ಗುಡುಗು ಕೇಳಿಸಿದರೆ ಬಯಲು, ಬೆಟ್ಟದ ತುದಿ, ಒಂಟಿ ಮರದ ಕೆಳಗೆ ನಿಲ್ಲಬೇಡಿ, ಕಟ್ಟಡದೊಳಗೆ ಅಥವಾ ಕಾರಿನೊಳಗೆ ಸೇರಿಕೊಳ್ಳಿ.

'ಇಷ್ಟು ದೂರ ಬಂದಿದ್ದೀವಿ, ಅದೊಂದು ನೋಡಿಬಿಡೋಣ' ಅಂತ ಯಾರಾದರೂ ಒಬ್ಬರು ಹೇಳಿಯೇ ಹೇಳುತ್ತಾರೆ, ಅಲ್ವಾ? ದಿನ ಕೆಡುವುದು ಅಲ್ಲಿಂದಲೇ. ಬೇಡ ಅನ್ನುವ ಅಧಿಕಾರವನ್ನು ಹೊರಡುವ ಮೊದಲೇ ಮನೆಯ ಒಬ್ಬರಿಗೆ ಕೊಟ್ಟಿರಿ. ಅಮ್ಮನಿಗೆ ಕೊಟ್ಟರೆ ಒಳ್ಳೆಯದು.

ಹಂತ 11: ಸ್ಕೂಲು ಶುರುವಾಗುವ ಹಿಂದಿನ ದಿನ

ಈ ದಿನ ಎಲ್ಲೂ ಹೋಗಬೇಡಿ, ನೆಂಟರನ್ನೂ ಕರೆಯಬೇಡಿ. ಬೆಳಗ್ಗೆ ಯೂನಿಫಾರಂ ಒಗೆದು ಹಾಕಿದರೆ ಸಂಜೆಯ ಮಳೆಗೆ ಮುಂಚೆ ಒಣಗುತ್ತದೆ. ಶೂ ಒಳಗೆ ಕೈ ಹಾಕಬೇಡಿ, ತಲೆಕೆಳಗು ಮಾಡಿ ಕೊಡವಿ ನೋಡಿ, ರಜೆಯಲ್ಲಿ ಮೂಲೆಯಲ್ಲಿದ್ದ ಶೂ ಬೂಸ್ಟು ಹಿಡಿದಿರುತ್ತದೆ, ಕೆಲವೊಮ್ಮೆ ಚೇಳು, ಜಿರಲೆ ಸೇರಿಕೊಂಡಿರುತ್ತವೆ. ರಜೆಯ ಹೋಂವರ್ಕು ಮಧ್ಯಾಹ್ನದೊಳಗೆ ಮುಗಿಯಲಿ, ರಾತ್ರಿಗೆ ಇಟ್ಟುಕೊಂಡರೆ ಮನೆಯೆಲ್ಲ ಅಳು. ಸುತ್ತಾಟದ ಚೀಲ ಖಾಲಿ ಮಾಡಿ ಒಗೆದು, ಕೊಡೆಗಳನ್ನು ಬಿಚ್ಚಿ ಒಣಗಿಸಿ ಮಡಚಿ. ಮಕ್ಕಳಿಗೆ ರಾತ್ರಿ ಎಂಟರೊಳಗೆ ಊಟ, ಒಂಬತ್ತಕ್ಕೆ ದೀಪ ಆರಿಸಿ.